ಟೈರ್ ಸೈಜ್ ಬದಲಿಸಿದರೆ ಕಾರಿನ ಗುಂಯ್ ಸದ್ದು, ಕುಲುಕಾಟ ಕಮ್ಮಿ ಆಗುತ್ತಾ?

ತೋಟದ ದಾರಿ (ಶಿರಸಿ)
ಎಲ್ಲರಿಗೂ ನಮಸ್ಕಾರ. ನನ್ನದು 2018ರ ಬಲೆನೊ, ಪೆಟ್ರೋಲ್, ಮೇಲಿನ ವೇರಿಯಂಟ್. 58 ಸಾವಿರ ಕಿ.ಮೀ. ಓಡಿದೆ. ಟೈರ್ 195/55 ಆರ್16. ಮನೆ ಶಿರಸಿಯಿಂದ 14 ಕಿ.ಮೀ. ಒಳಗೆ, ಕೊನೆಯ ಎರಡು ಕಿ.ಮೀ. ಬರೀ ಕೆಂಪು ಮಣ್ಣು ಮತ್ತು ಕಲ್ಲು. ವಾರಕ್ಕೊಮ್ಮೆ ಕುಮಟಾಕ್ಕೆ ಇಳಿಯುತ್ತೇನೆ, ತಿಂಗಳಿಗೆ ಎರಡು ಸಲ ಕಾರವಾರ.

ತೊಂದರೆ ಎರಡು. 60 ದಾಟಿದರೆ ಹಿಂದಿನಿಂದ ಗುಂಯ್ ಅಂತ ಸದ್ದು. ಹಿಂದೆ ಕೂತವರಿಗೆ ಮುಂದೆ ಮಾತಾಡಿದ್ದು ಕೇಳಿಸುವುದಿಲ್ಲ. ಇನ್ನೊಂದು, ಸಣ್ಣ ಹೊಂಡಕ್ಕೂ ಡಬ್ ಅಂತ ಹೊಡೆಯುತ್ತದೆ. ಅಮ್ಮನಿಗೆ ಸೊಂಟ ನೋವು. ಕಳೆದ ವಾರ ಮನೆ ಮುಟ್ಟಿದಾಗ, "ಇದಕ್ಕಿಂತ ಪಿಕಪ್ಪಿನಲ್ಲಿ ಅಡಿಕೆ ಚೀಲದ ಮೇಲೆ ಕೂತು ಬಂದಿದ್ದರೆ ಸುಖ ಇತ್ತು" ಅಂದರು.

ಟೈರ್ ಅಂಗಡಿಯವರು 205/60 ಆರ್16 ಹಾಕಿ ಅಂತಿದ್ದಾರೆ. ದಪ್ಪ ಟೈರ್, ಮೆತ್ತಗಿರುತ್ತದೆ, ಕಾರೂ ಸ್ವಲ್ಪ ಎತ್ತರ ಆಗುತ್ತದೆ ಅಂತ. ಹಾಕಲೋ ಬೇಡವೋ?

ಸೆಕೆಂಡ್ ಗೇರ್ (ಯಲ್ಲಾಪುರ)
ಕಣ್ಣು ಮುಚ್ಚಿ ಹಾಕಿ. ನನ್ನ ಕಾರಿಗೂ ಅದೇ ಹಾಕಿಸಿದ್ದೇನೆ. ನೋಡುವುದಕ್ಕೂ ಗಟ್ಟಿಮುಟ್ಟು ಕಾಣುತ್ತದೆ.

ಅಪ್ಪೆಮಿಡಿ (ಸಿದ್ದಾಪುರ)
ಕಣ್ಣು ತೆರೆದೇ ಹಾಕಿ ಮಾರಾಯ್ರೆ. ಮೊದಲು ಗಾಳಿ ಎಷ್ಟಿದೆ ನೋಡಿದ್ದೀರಾ?

ಲೆಕ್ಕದ ಮೇಷ್ಟ್ರು (ಹೊನ್ನಾವರ)
ಅಂಗಡಿಯವರ ಮಾತಿಗಿಂತ ಮೊದಲು ಟೈರಿನ ಮೇಲೆ ಬರೆದದ್ದನ್ನು ಓದೋಣ. 195 ಅಂದರೆ ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ಆ ಅಗಲದ ನೂರಕ್ಕೆ 55 ಭಾಗ ಪಕ್ಕದ ಗೋಡೆಯ ಎತ್ತರ. 16 ಅಂದರೆ ರಿಮ್, ಇಂಚಿನಲ್ಲಿ.

ನಿಮ್ಮ ಈಗಿನ ಟೈರಿನ ಪಕ್ಕದ ಗೋಡೆ ಸುಮಾರು 107 ಮಿ.ಮೀ. 16 ಇಂಚಿನ ರಿಮ್ 406 ಮಿ.ಮೀ. ಮೇಲೆ ಕೆಳಗೆ ಎರಡೂ ಗೋಡೆ ಸೇರಿದರೆ ಒಟ್ಟು ವ್ಯಾಸ 621. ಅಂಗಡಿಯವರು ಹೇಳಿದ 205/60ರದ್ದು ಗೋಡೆ 123, ವ್ಯಾಸ 652. ಅಂದರೆ 31 ಮಿ.ಮೀ. ಜಾಸ್ತಿ, ನೂರಕ್ಕೆ 5. ಮೀಟರ್ 80 ತೋರಿಸುವಾಗ ಮೊದಲಿಗಿಂತ ನಾಲ್ಕು ಕಿ.ಮೀ. ಜೋರಾಗಿ ಹೋಗುತ್ತಿರುತ್ತೀರಿ. ನೂರಕ್ಕೆ 3ರ ಒಳಗಿರಲಿ ಅನ್ನುವುದು ರೂಢಿಯ ಲೆಕ್ಕ.

ಗೋಡೆ ಎತ್ತರವಾದರೆ ಮೆತ್ತಗಾಗುತ್ತದೆ, ಅದು ನಿಜ. ಹೊಂಡದ ಪೆಟ್ಟನ್ನು ಮೊದಲು ನುಂಗುವುದು ಆ ಗೋಡೆಯೊಳಗಿನ ಗಾಳಿಯೇ. ಆದರೆ ಅಗಲ ಜಾಸ್ತಿ ಮಾಡಿದರೆ ಮೆತ್ತಗಾಗುವುದಿಲ್ಲ. ಸದ್ದಂತೂ ಸಾಮಾನ್ಯವಾಗಿ ಜಾಸ್ತಿಯೇ ಆಗುತ್ತದೆ. ಅಂಗಡಿಯವರು ಎರಡನ್ನೂ ಸೇರಿಸಿ ಪಾಯಸ ಮಾಡಿದ್ದಾರೆ.

ಸೆಕೆಂಡ್ ಗೇರ್
ಮೇಷ್ಟ್ರೇ, ಕಂಪನಿ ಮೀಟರ್ ಹೇಗೂ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ದೊಡ್ಡ ಟೈರ್ ಹಾಕಿದ ಮೇಲೆ ನನ್ನದು ಜಿಪಿಎಸ್‌ಗೆ ಸರಿಯಾಗಿ ಹೊಂದುತ್ತಿದೆ. ನಷ್ಟ ಎಂತದ್ದು?

ಲೆಕ್ಕದ ಮೇಷ್ಟ್ರು
ಮೀಟರ್ ಬಿಡಿ. ಅರಬೈಲ್ ಘಟ್ಟ ಹತ್ತುವಾಗ ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಜಾಗದಲ್ಲಿ ಈಗ ಎರಡಕ್ಕೆ ಇಳಿಸುತ್ತೀರಾ ಇಲ್ವಾ? ಚಕ್ರ ದೊಡ್ಡದಾದರೆ ಎಲ್ಲಾ ಗೇರೂ ಉದ್ದ ಆದ ಹಾಗೆ.

ಸೆಕೆಂಡ್ ಗೇರ್
ನನ್ನ ಹೆಸರು ನೋಡಿದ್ದೀರಲ್ಲ 😀

ಅಪ್ಪೆಮಿಡಿ
ಐದು ಜನ ಕೂತು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲೂ ತಾಗುವುದಿಲ್ವಾ? ನಿಜ ಹೇಳಿ.

ಸೆಕೆಂಡ್ ಗೇರ್
ಸ್ವಲ್ಪ ಸರ್‌ರ್ ಅನ್ನುತ್ತದೆ. ಮನೆ ಗೇಟಿನ ಹತ್ತಿರ ಮಾತ್ರ. ಒಳಗಿನ ಪ್ಲಾಸ್ಟಿಕ್ ಒಂದು ಕಡೆ ಸವೆದಿದೆ. ದೊಡ್ಡದೇನಲ್ಲ.

ಅಪ್ಪೆಮಿಡಿ
ಆಯ್ತು. ಸಾಕ್ಷಿ ಸಿಕ್ಕಿತು.

ಬಂಗಡೆ ಸಾರು (ಕಾರವಾರ)
ಸದ್ದು ಟೈರಿನದ್ದಾ ಬೇರೆಯದ್ದಾ ಅಂತ ಮೊದಲು ತಿಳಿಯಿರಿ. ನಮ್ಮಲ್ಲಿ ಪುಕ್ಕಟೆ ಪರೀಕ್ಷೆ ಇದೆ. ಮುಂದಿನ ಸಲ ಕಾರವಾರಕ್ಕೆ ಬರುವಾಗ ಬಿಣಗಾ ಹತ್ತಿರ ಸುರಂಗದೊಳಗೆ ಗ್ಲಾಸ್ ಇಳಿಸಿ. ಟೈರ್ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಯಾವ ಚಕ್ರ ಹಾಡುತ್ತಿದೆ ಅಂತ ಬರೀ ಕಿವಿಯಲ್ಲೇ ಹೇಳಬಹುದು. ಹಿಂದೆ ಲಾರಿ ಇಲ್ಲದಾಗ ಮಾಡಿ ಮಾತ್ರ. ಇಲ್ಲದಿದ್ದರೆ ಹಾರ್ನ್ ಬಿಟ್ಟು ಬೇರೆ ಏನೂ ಕೇಳಿಸದು.

ಘಟ್ಟದ ಕೆಳಗೆ (ಅಂಕೋಲಾ)
ರಸ್ತೆಯದ್ದೂ ಪಾಲಿದೆ. ಹೆದ್ದಾರಿ 66ರಲ್ಲಿ ಕಾಂಕ್ರೀಟ್ ಬಂದ ಕಡೆ ಎಲ್ಲಾ ಕಾರೂ ಗುಂಯ್ ಅನ್ನುತ್ತವೆ. ಮುಂದೆ ಡಾಂಬರು ಸಿಕ್ಕ ಕೂಡಲೇ ಯಾರೋ ರೇಡಿಯೋ ಆಫ್ ಮಾಡಿದ ಹಾಗೆ.

ಪಂಕ್ಚರ್ ಗುರು (ಕುಮಟಾ)
ನಾನು ಟೈರ್ ಕೆಲಸದಲ್ಲಿ 19 ವರ್ಷದಿಂದ ಇದ್ದೇನೆ. ನನ್ನ ಅಂಗಡಿಗೆ ಗಿರಾಕಿ ಆಗಲಿ ಅಂತ ಬರೆಯುತ್ತಿಲ್ಲ. ಹತ್ತು ಜನ "ಸೈಜ್ ಬದಲಿಸಿ" ಅಂತ ಬಂದರೆ ಆರೇಳು ಜನರಿಗೆ ಸೈಜ್ ಬದಲಿಸುವ ಅಗತ್ಯವೇ ಇರುವುದಿಲ್ಲ.

ಹಿಂದಿನಿಂದ ಗುಂಯ್ ಅಂದರೆ ಎರಡೇ ಅನುಮಾನ. ಬೇರಿಂಗ್ ಅಥವಾ ಟೈರಿನ ಸವೆತ. ಬೇರಿಂಗ್ ಆದರೆ ರಸ್ತೆ ಬದಲಾದರೂ ಸದ್ದು ಬದಲಾಗುವುದಿಲ್ಲ, ತಿರುವಿನಲ್ಲಿ ಬದಲಾಗುತ್ತದೆ. ದೇವಿಮನೆ ಘಟ್ಟದಲ್ಲಿ ತಿರುವಿಗೇನು ಬರ. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ ಪಡಿ. ಟೈರ್ ಆದರೆ ಕಾಂಕ್ರೀಟಿನಲ್ಲಿ ಒಂದು ರಾಗ, ಡಾಂಬರಿನಲ್ಲಿ ಒಂದು ರಾಗ.

ಇನ್ನು ಕೈಯಲ್ಲಿ ಮಾಡುವ ಪರೀಕ್ಷೆ. ಕಾರು ನಿಲ್ಲಿಸಿ, ಹಿಂದಿನ ಟೈರಿನ ಒಳಅಂಚಿಗೆ ಅಂಗೈ ಇಡಿ. ಟೈರ್ ಉರುಳುವ ದಿಕ್ಕಿಗೆ ಒಮ್ಮೆ, ವಾಪಸ್ ಒಮ್ಮೆ ಸವರಿ. ಬೆಕ್ಕಿನ ಬೆನ್ನು ಸವರಿದ ಹಾಗೆ ಒಂದು ಕಡೆ ನುಣುಪು, ಉಲ್ಟಾ ಸವರಿದರೆ ಗರಗಸದ ಹಲ್ಲಿನ ಹಾಗೆ ಬೆರಳಿಗೆ ಸಿಕ್ಕುತ್ತದಾ? ಹಾಗಾದರೆ ಆ ಹಲ್ಲುಗಳೇ ಒಂದೊಂದಾಗಿ ರಸ್ತೆಗೆ ಬಡಿದು ಗುಂಯ್ ಅನ್ನುತ್ತಿವೆ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಹಿಂದೆ ಭಾರ ಕಮ್ಮಿ. ಟೈರ್ ಅದಲು ಬದಲು ಮಾಡದೆ ಬಿಟ್ಟರೆ ಹಿಂದಿನವು ಹೀಗೆ ಹಲ್ಲು ಬಿಡುತ್ತವೆ. 8–10 ಸಾವಿರಕ್ಕೊಮ್ಮೆ ಹಿಂದೆ ಮುಂದೆ ಮಾಡಿಸಿ ಅಂತ ಬಾಯಿ ನೋಯುವಷ್ಟು ಹೇಳುತ್ತೇನೆ. ಯಾರೂ ಮಾಡುವುದಿಲ್ಲ.

ಆಮೇಲೆ ಟೈರಿನ ವಯಸ್ಸು. ಪಕ್ಕದ ಗೋಡೆಯಲ್ಲಿ ಡಿಒಟಿ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನೋಡಿ ಬರೆಯಿರಿ. ಗಾಳಿ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ನೋಡಬೇಕು, ಘಟ್ಟ ಹತ್ತಿ ಬಂದ ಮೇಲೆ ಅಲ್ಲ.

ಅಪ್ಪೆಮಿಡಿ
ನಾನು ಒಂದೇ ಸಾಲಿನಲ್ಲಿ ಹೇಳಿದ್ದೆ. ಗಾಳಿ ಗಾಳಿ.

ಹಳೇ ಮಾರುತಿ 800 (ಹಳಿಯಾಳ)
ಗಾಳಿ 25ಕ್ಕೆ ಇಳಿಸಿ, ಹಾಸಿಗೆ ಮೇಲೆ ಹೋದ ಹಾಗಿರುತ್ತದೆ. ಎಲ್ಲಾ ಸುಮ್ನೆ ತಲೆಬಿಸಿ.

ಪಂಕ್ಚರ್ ಗುರು
ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಕಮ್ಮಿ ಇದ್ದರೆ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತದೆ. ಹೊಂಡಕ್ಕೆ ಬಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ರಬ್ಬರ್ ಜಜ್ಜಿ ಒಳಗಿನ ದಾರ ಹರಿಯುತ್ತದೆ. ಆಮೇಲೆ ಪಕ್ಕದಲ್ಲಿ ಕೋಳಿಮೊಟ್ಟೆ ಹಾಗೆ ಉಬ್ಬುತ್ತದೆ. ಆ ಮೊಟ್ಟೆಗೆ ರಿಪೇರಿ ಇಲ್ಲ, ಟೈರ್ ಬಿಸಾಡಬೇಕು. ಡ್ರೈವರ್ ಬಾಗಿಲ ಹತ್ತಿರ ಸ್ಟಿಕ್ಕರ್ ಇದೆಯಲ್ಲ, ಅದರಲ್ಲಿ ಬರೆದಷ್ಟೇ ಹಾಕಿ.

ಹಳೇ ಮಾರುತಿ 800
ನನ್ನ ಗಾಡಿಗೆ ಆ ಸ್ಟಿಕ್ಕರ್ ಉದುರಿ ಹೋಗಿಯೇ ಎಷ್ಟೋ ವರ್ಷ ಆಯ್ತು.

ಬಂಗಡೆ ಸಾರು
ನೈಟ್ರೋಜನ್ ಹಾಕಿಸಿದರೆ ಮೆತ್ತಗಾಗುತ್ತದಂತೆ, ಹೌದಾ?

ಲೆಕ್ಕದ ಮೇಷ್ಟ್ರು
ನೀವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಉಳಿದ 22ಕ್ಕೆ ಯಾಕೆ ದುಡ್ಡು ಕೊಡುತ್ತೀರಿ? ಒತ್ತಡ ಸ್ವಲ್ಪ ನಿಧಾನ ಇಳಿಯಬಹುದು, ಅಷ್ಟೇ. ಮೆತ್ತಗೆ ಆಗುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬಂಗಡೆ ಸಾರು
ಆ ದುಡ್ಡಿಗೆ ಒಂದು ಪ್ಲೇಟ್ ಫ್ರೈ ಬರುತ್ತದೆ. ತಿಳಿಯಿತು.

ತೋಟದ ದಾರಿ
ಇವತ್ತು ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಅಂಗಳದಲ್ಲಿ ಕೂತು ಎಲ್ಲಾ ನೋಡಿದೆ.

ಗಾಳಿ ನಾಲ್ಕಕ್ಕೂ 42. ಸ್ಟಿಕ್ಕರಿನಲ್ಲಿದ್ದದ್ದಕ್ಕಿಂತ ಎಂಟೊಂಬತ್ತು ಜಾಸ್ತಿ! ಬಂಕಿನ ಹುಡುಗನಿಗೆ "ಗಟ್ಟಿ ಹಾಕು" ಅಂದದ್ದು ನಾನೇ. ಮುಂದಿನ ಎರಡು ಟೈರ್ 2022ರಲ್ಲಿ ಬದಲಿಸಿದ್ದು. ಹಿಂದಿನವು ಕಾರಿನ ಜೊತೆ ಬಂದವು, ಅಂಕಿ 2818. ಅಂದರೆ 2018ರ 28ನೇ ವಾರ ಅಲ್ವಾ? ಗೀರು ಇನ್ನೂ ಇದೆ, ಆದರೆ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು, ಬೇಸಿಗೆಯಲ್ಲಿ ಗದ್ದೆ ಒಡೆದ ಹಾಗೆ.

ಅಂಗೈ ಸವರಿದೆ. ಗುರುಗಳೇ, ಗರಗಸವೇ. ಮಗಳ ಹತ್ತಿರವೂ ಮುಟ್ಟಿಸಿದೆ. "ಅಪ್ಪಾ, ಇದು ಈಳಿಗೆಮಣೆಯ ಕಾಯಿ ತುರಿಯುವ ತುದಿ ಇದ್ದ ಹಾಗಿದೆ" ಅಂದಳು.

ಪಂಕ್ಚರ್ ಗುರು
ನಿಮ್ಮ ಮಗಳನ್ನು ನಮ್ಮ ಅಂಗಡಿಗೆ ಕಳಿಸಿ, ಕೆಲಸ ಕೊಡುತ್ತೇನೆ. ಆ ಹಿಂದಿನ ಟೈರ್ ಮುಗಿಯಿತು. ಗೀರು 1.6 ಮಿ.ಮೀ.ಗಿಂತ ಜಾಸ್ತಿ ಇದ್ದರೆ ಕಾನೂನಿಗೆ ಸಾಕು. ಆದರೆ ರಬ್ಬರ್ ಕಲ್ಲಾಗಿದೆ. ಕಲ್ಲಾದ ರಬ್ಬರ್ ಮಳೆಯಲ್ಲಿ ಹಿಡಿಯುವುದಿಲ್ಲ, ಸದ್ದೂ ಅದರದ್ದೇ.

ಘಟ್ಟದ ಕೆಳಗೆ
ಮಳೆ ವಿಷಯ ಬಂತಲ್ಲ, ಇದು ಸೆಕೆಂಡ್ ಗೇರ್ ಅವರಿಗೆ. ಅಗಲ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ. ಆಷಾಢದಲ್ಲಿ ನಮ್ಮ ಹೆದ್ದಾರಿ ಅಂಚಿನಲ್ಲಿ ನೀರು ನಿಂತದ್ದು ನೋಡಿದ್ದೀರಲ್ಲ. ಹೋದ ಮಳೆಗಾಲದಲ್ಲಿ ಒಂದು ಸಲ ನನ್ನ ಸ್ಟಿಯರಿಂಗ್ ಎರಡು ಕ್ಷಣ ಬರೀ ಅಲಂಕಾರಕ್ಕೆ ಇದ್ದ ಹಾಗೆ ಹಗುರ ಆಗಿತ್ತು. ಇವತ್ತಿಗೂ ಆ ಜಾಗ ಬಂದರೆ ಕಾಲು ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ.

ಸೆಕೆಂಡ್ ಗೇರ್
ಸರಿ, ಎಲ್ಲರೂ ನನ್ನ ಮೇಲೇ ಬನ್ನಿ.

ಕಡತ ನೋಡಿದವ (ಕಾರವಾರ)
ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಅಪಘಾತ ಆದರೆ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ. ಅದಕ್ಕೇ ಕಂಪನಿ ಅದೇ ಮಾದರಿಗೆ ಕೊಟ್ಟ ಬೇರೆ ಸೈಜ್ ಇದ್ದರೆ ಅದರಲ್ಲೇ ಆರಿಸಿ. ಪುಸ್ತಕದಲ್ಲಿ ಬರೆದಿರುತ್ತದೆ.

ತೋಟದ ದಾರಿ
ಪುಸ್ತಕ ಎಲ್ಲಿದೆಯೋ ದೇವರೇ ಬಲ್ಲ. ಹಾಗಾದರೆ ಬೇರೆ ಸೈಜ್ ಅಂದರೆ ಯಾವುದು?

ಲೆಕ್ಕದ ಮೇಷ್ಟ್ರು
ಎದ್ದು ಹೋಗಿ ಡಿಕ್ಕಿ ತೆಗೆಯಿರಿ. ಕಾರ್ಪೆಟ್ ಎತ್ತಿ. ಸ್ಟೆಪ್ನಿ ಮೇಲೆ ಏನು ಬರೆದಿದೆ ಓದಿ ಹೇಳಿ.

ತೋಟದ ದಾರಿ
185/65 ಆರ್15!! ಕಬ್ಬಿಣದ ರಿಮ್. ಏಳು ವರ್ಷದಿಂದ ಅದರ ಮೇಲೆ ಅಡಿಕೆ ಚೀಲ ಹೇರಿದ್ದೇನೆ, ಒಂದು ದಿನವೂ ಓದಿಲ್ಲ.

ಲೆಕ್ಕದ ಮೇಷ್ಟ್ರು
ಅದೇ. ಕೆಳಗಿನ ವೇರಿಯಂಟಿಗೆ ನಾಲ್ಕು ಚಕ್ರಕ್ಕೂ ಅದೇ ಸೈಜ್ ಬರುತ್ತಿತ್ತು. ಲೆಕ್ಕ ನೋಡಿ. ಪಕ್ಕದ ಗೋಡೆ 120, ರಿಮ್ 381, ಒಟ್ಟು 621.5. ನಿಮ್ಮ ಈಗಿನದು 620.9. ಮೀಟರಿಗೆ ಗೊತ್ತೇ ಆಗುವುದಿಲ್ಲ, ಗೇರಿಗೂ ಗೊತ್ತಾಗುವುದಿಲ್ಲ. ಆದರೆ ಗೋಡೆ 13 ಮಿ.ಮೀ. ಎತ್ತರ, ಅಗಲ 10 ಮಿ.ಮೀ. ಕಮ್ಮಿ. ಅಮ್ಮನ ಸೊಂಟಕ್ಕೆ ಬೇಕಾದದ್ದು ಆ 13 ಮಿ.ಮೀ.

ಟೈರಿನ ಮೇಲೆ ಸೈಜಿನ ಪಕ್ಕ ಇರುವ ಭಾರದ ಅಂಕಿಯೂ ನೋಡಿ. 87 ಅಂದರೆ ಒಂದು ಟೈರಿಗೆ 545 ಕೆ.ಜಿ., 88 ಅಂದರೆ 560. ಈಗ ಇರುವ ಅಂಕಿಗಿಂತ ಕಮ್ಮಿಯದ್ದು ತೆಗೆದುಕೊಳ್ಳಬೇಡಿ. ಪಕ್ಕದಲ್ಲಿ ಎಚ್ ಇದ್ದರೆ 210 ಕಿ.ಮೀ. ವೇಗದವರೆಗೆ. ನಿಮ್ಮ ಮಣ್ಣಿನ ರಸ್ತೆಗೆ ಸಾಕು ಅಂದುಕೊಳ್ಳುತ್ತೇನೆ.

ಸೆಕೆಂಡ್ ಗೇರ್
ಆದರೆ ನೆಲದಿಂದ ಎತ್ತರ ಒಂದು ಕೂದಲೂ ಏರುವುದಿಲ್ಲ. ಮಣ್ಣಿನ ರಸ್ತೆಯಲ್ಲಿ ಹೊಟ್ಟೆ ತಾಗುತ್ತದೆ ಅಂದರೆ ಏನು ಮಾಡುತ್ತಾರೆ?

ತೋಟದ ದಾರಿ
ಹೊಟ್ಟೆ ತಾಗುವುದು ನನ್ನ ತೊಂದರೆ ಅಲ್ಲ ಮಾರಾಯ್ರೆ. ಹಾಗೆ ಅಂತ ಹೇಳಿದ್ದು ಅಂಗಡಿಯವರು.

ತಂಬುಳಿ (ಶಿರಸಿ)
16 ಇಂಚಿನ ಅಲಾಯ್ ತೆಗೆದು 15ರ ಕಬ್ಬಿಣದ ರಿಮ್ ಹಾಕುವುದಾ? ಮದುವೆ ಮನೆಗೆ ಪಂಚೆ ಬಿಟ್ಟು ಟವೆಲ್ ಉಟ್ಟು ಹೋದ ಹಾಗೆ.

ಅಪ್ಪೆಮಿಡಿ
ಕಾರಿನ ಒಳಗೆ ಕೂತವರಿಗೆ ರಿಮ್ ಕಾಣುವುದಿಲ್ಲ. ಹೊರಗೆ ನಿಂತವರ ಸೊಂಟ ನೋಯುವುದಿಲ್ಲ.

ಪಂಕ್ಚರ್ ಗುರು
ಹಳೇ ರಿಮ್ ತೆಗೆದುಕೊಳ್ಳುವುದಾದರೆ ನಾಲ್ಕು ಬೋಲ್ಟ್, 4×100 ಇರಬೇಕು, ಅಂದರೆ ಬೋಲ್ಟ್ ಕೂರುವ ಸುತ್ತಿನ ವ್ಯಾಸ 100 ಮಿ.ಮೀ. ನಡುವಿನ ತೂತು 54.1 ಮಿ.ಮೀ. ಒಳಸರಿತ, ಅಂದರೆ ಬೋಲ್ಟ್ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಸರಿದಿದೆ ಅನ್ನುವ ಇಟಿ ಅಂಕಿ, ಕಂಪನಿಯದ್ದೇ ಇರಲಿ. ಇದೇ ಮಾದರಿಯಿಂದ ಬಿಚ್ಚಿದ ರಿಮ್ ಆದರೆ ಈ ತಲೆಬಿಸಿ ಯಾವುದೂ ಇಲ್ಲ. ಮುಂದಿನ ಬ್ರೇಕ್ ಕ್ಯಾಲಿಪರಿಗೆ ತಾಗುತ್ತದಾ ಅಂತ ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಟೈರ್ ಕೂರಿಸಿ.

ಕರಾವಳಿಯಲ್ಲಿ ಓಡಿದ ಕಬ್ಬಿಣದ ರಿಮ್ ಆದರೆ ಟೈರ್ ಕೂರುವ ಅಂಚನ್ನು ಬೆರಳಲ್ಲಿ ತಡವಿ ನೋಡಿ. ಉಪ್ಪುಗಾಳಿಗೆ ಅಲ್ಲಿ ತುಕ್ಕು ಹಿಡಿದು ಹೊಪ್ಪಳಿಕೆ ಏಳುತ್ತದೆ. ಆ ಸಂದಿಯಿಂದ ವಾರಕ್ಕೆ ಮೂರು ನಾಲ್ಕು ಪಾಯಿಂಟ್ ಗಾಳಿ ಹೋಗುತ್ತದೆ. ಜನ ಪಂಕ್ಚರ್ ಅಂತ ನನ್ನ ಹತ್ತಿರ ಬರುತ್ತಾರೆ. ನಾನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ರಬ್ಬರಿನಲ್ಲಿ ಒಂದು ಗುಳ್ಳೆ ಇಲ್ಲ, ಅಂಚಿನ ಸುತ್ತ ಮಾತ್ರ ಸಣ್ಣಗೆ ಬುಸುಬುಸು.

ಘಟ್ಟದ ಕೆಳಗೆ
ಯಾವ ಬ್ರ್ಯಾಂಡ್ ತೆಗೆದುಕೊಳ್ಳುವುದು ಅಂತ ಯಾರೂ ಹೇಳಲಿಲ್ಲ. ನಾನು ಯೊಕೊಹಾಮಾ ಅರ್ಥ್-1 ಹಾಕಿದ್ದೇನೆ. ಸದ್ದು ಕಮ್ಮಿ, ಖುಷಿ ಇದೆ.

ತಂಬುಳಿ
ಮಿಷೆಲಿನ್ ಹಾಕಿದವರು ಬೇರೆ ಹಾಕುವುದಿಲ್ಲ. ಮೆತ್ತಗೆ ಅಂದರೆ ಅದು. ಗೋಡೆ ಸ್ವಲ್ಪ ತೆಳು ಅಂತಾರೆ, ಆದರೆ ನನಗೇನೂ ಆಗಿಲ್ಲ.

ಹಳೇ ಮಾರುತಿ 800
ಎಂಆರ್‌ಎಫ್. ಚರ್ಚೆ ಮುಗಿಯಿತು.

ಪಂಕ್ಚರ್ ಗುರು
ಮುಗಿಯಲಿಲ್ಲ. ಗಟ್ಟಿ ಬಾಳಿಕೆಯ ರಬ್ಬರಿಗೂ ಮೆತ್ತನೆಯ ರಬ್ಬರಿಗೂ ಒಂದೇ ಟೈರಿನಲ್ಲಿ ಸಂಸಾರ ಕಷ್ಟ. 70 ಸಾವಿರ ಓಡಬೇಕು ಅನ್ನುವವರಿಗೆ ಒಂದು ಟೈರ್, ಅಮ್ಮ ಬೈಯಬಾರದು ಅನ್ನುವವರಿಗೆ ಇನ್ನೊಂದು. ಗೀರಿನ ಕಟ್ಟು, ಅಂದರೆ ಗೀರುಗಳ ನಡುವಿನ ರಬ್ಬರ್ ತುಂಡು, ಚಿಕ್ಕದಾಗಿ, ಒಂದೇ ಅಳತೆಯಲ್ಲಿ ಇರದೆ ಬೇರೆ ಬೇರೆ ಅಳತೆಯಲ್ಲಿ ಇರುವುದನ್ನು ಆರಿಸಿ. ಎಲ್ಲಾ ಒಂದೇ ಅಳತೆ ಆದರೆ ಒಂದೇ ಸ್ವರ ಹಿಡಿದು ಕೂಗುತ್ತವೆ. ಬ್ರ್ಯಾಂಡ್ ಯಾವುದೇ ಇರಲಿ, ಅಂಗಡಿಯಲ್ಲೇ ತಾರೀಕಿನ ಅಂಕಿ ಓದಿ.

ಬಂಗಡೆ ಸಾರು
ಒಂದು ಸ್ವರ ಹಿಡಿದು ಕೂಗುವುದು ನಮ್ಮ ಮನೆಯ ಮಿಕ್ಸಿಯೂ ಮಾಡುತ್ತದೆ. ಅದಕ್ಕೂ ಟೈರ್ ಬದಲಿಸಬೇಕಾ?

ತೋಟದ ದಾರಿ
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕೊಯ್ಲು ಇತ್ತು.

ಮೊದಲು ದುಡ್ಡು ಖರ್ಚಿಲ್ಲದ ಕೆಲಸ ಮಾಡಿದೆ. ಗಾಳಿ ಸ್ಟಿಕ್ಕರಿನ ಲೆಕ್ಕಕ್ಕೆ ಇಳಿಸಿದೆ. ಡಬ್ ಅನ್ನುವುದು ಅರ್ಧ ಅಲ್ಲೇ ಹೋಯಿತು, ಸುಳ್ಳಲ್ಲ. ಅಮ್ಮ ಏನೂ ಹೇಳಲಿಲ್ಲ. ಹೇಳದಿದ್ದರೆ ಅಡ್ಡಿಲ್ಲೆ ಅಂತ ಅರ್ಥ. ಆದರೆ ಗುಂಯ್ ಹಾಗೇ ಇತ್ತು. ಸುರಂಗದ ಪರೀಕ್ಷೆಯೂ ಮಾಡಿದೆ. ಹಿಂದಿನ ಎಡಗಡೆಯದ್ದು ಜೋರು.

ಹುಬ್ಬಳ್ಳಿಯಲ್ಲಿ ಇದೇ ಮಾದರಿಯಿಂದ ಬಿಚ್ಚಿದ 15ರ ಕಬ್ಬಿಣದ ರಿಮ್ ಮೂರು ಸಿಕ್ಕಿದವು, ನಾಲ್ಕನೆಯದು ನಮ್ಮ ಸ್ಟೆಪ್ನಿಯದ್ದೇ. ಟೈರ್ ನಾಲ್ಕೂ ಹೊಸದು, 185/65 ಆರ್15, 88ಎಚ್. ಒಂದಕ್ಕೆ ಆರು ಸಾವಿರದ ಆಸುಪಾಸು ಬಿತ್ತು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಬೇರೆ. ಹಳೆಯ ಅಲಾಯಿಗಳಲ್ಲಿ ಒಂದು, 2022ರ ಟೈರ್ ಸಮೇತ, ಸ್ಟೆಪ್ನಿ ಜಾಗದಲ್ಲಿ ಕಷ್ಟಪಟ್ಟು ಕೂತಿದೆ.

ಹೊನ್ನಾವರದ ಶರಾವತಿ ಸೇತುವೆ ಮೇಲೆ ಜಾಯಿಂಟ್ ದಾಟುವಾಗ ಮೊದಲು ಟಡ್ ಟಡ್ ಅಂತ ಬೆನ್ನಿಗೆ ಬರುತ್ತಿತ್ತು. ಈಗ ಧಪ್ ಧಪ್ ಅಂತ ದೂರದಲ್ಲಿ ಯಾರೋ ಹಾಸಿಗೆ ಕೊಡವಿದ ಹಾಗೆ. ಘಟ್ಟದಲ್ಲಿ ಸ್ಟಿಯರಿಂಗ್ ಮೊದಲಿನಷ್ಟು ಚುರುಕಿಲ್ಲ, ಬೇಗ ತಿರುಗಿಸಿದರೆ ಅರೆಕ್ಷಣ ಯೋಚನೆ ಮಾಡಿ ಆಮೇಲೆ ತಿರುಗುತ್ತದೆ. ಒಗ್ಗಿಕೊಳ್ಳಬಹುದು. ಗುಂಯ್ ಪೂರ್ತಿ ಹೋಯಿತು.

ಈಗ ಹೊಸ ತೊಂದರೆ. ಟೈರ್ ಸುಮ್ಮನಾದ ಮೇಲೆ ಬೇರೆ ಎಲ್ಲಾ ಕೇಳಿಸುತ್ತಿದೆ. ಡ್ಯಾಶ್‌ಬೋರ್ಡ್ ಒಳಗೆ ಕಿರ್ ಕಿರ್. ಹಿಂದಿನ ಸೀಟಿನ ಕೆಳಗೆ ಟಿಣಿ ಟಿಣಿ. ನಿನ್ನೆ ಹುಡುಕಿದರೆ ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ಅಡಿಕೆ ಕತ್ತರಿ.

ಪಂಕ್ಚರ್ ಗುರು
ಸಾವಿರ ಕಿ.ಮೀ. ಆದ ಮೇಲೆ ಚಕ್ರದ ನಟ್ ಒಮ್ಮೆ ಬಿಗಿ ನೋಡಿಸಿ. ಸ್ಟೆಪ್ನಿ ಈಗ 16ರದ್ದು ಅಂತ ನೆನಪಿರಲಿ. ಹೊರಗಿನ ಅಳತೆ ಒಂದೇ, ಆದರೆ ಪಂಕ್ಚರ್ ಆಗಿ ಅದನ್ನು ಹಾಕಿದರೆ ನಿಧಾನ ಹೋಗಿ, ಬೇಗ ರಿಪೇರಿ ಮಾಡಿಸಿ ವಾಪಸ್ ಬದಲಿಸಿ.

ತಂಬುಳಿ
ಅಮ್ಮ ಈಗ ಏನಂತಾರೆ?

ತೋಟದ ದಾರಿ
ಕುಮಟಾದಿಂದ ಬರುವಾಗ ದೇವಿಮನೆ ದಾಟುವ ಮೊದಲೇ ನಿದ್ದೆ. ಮನೆ ಮುಂದೆ ಎಬ್ಬಿಸಿದರೆ, "ಇಷ್ಟು ಬೇಗ ಬಂತಾ, ಜೋರಾಗಿ ಓಡಿಸಿದೆಯಾ?" ಅಂತ ಬೈದರು.

ಸೆಕೆಂಡ್ ಗೇರ್
ಉಳಿದ ಮೂರು ಅಲಾಯ್ ಕೊಡುತ್ತೀರಾ? ರೇಟು ಹೇಳಿ.

ಅಪ್ಪೆಮಿಡಿ
ಕೊಡಿ, ಆದರೆ 205/60 ಹಾಕುವುದಿಲ್ಲ ಅಂತ ಬರೆಸಿಕೊಳ್ಳಿ.